ತುಟಿ ಕೂಡಿರಲಿ, ಹಲ್ಲು ಬಿಡಿಯಿರಲಿ

ಗಾರಂಗೊ ಪಟ್ಟಣದ ಸುತ್ತಿನ ಮೂವತ್ತು ಹಳ್ಳಿಗಳಲ್ಲಿ ಯಾರೇ ಸತ್ತರೂ, ಇನುಸ್ಸಾ ದಾರ್ಗಾ ರೇಡಿಯೊದಲ್ಲಿ ಓದುವವರೆಗೆ ಅವರು ಪೂರ್ತಿ ಸತ್ತಂತೆ ಆಗುತ್ತಿರಲಿಲ್ಲ. ಅಳುವವರು ಅತ್ತು ಗಂಟಲು ಒಣಗಿಸಿಕೊಂಡಿದ್ದರೂ ಪಕ್ಕದೂರಿನ ನೆಂಟರು ಸೈಕಲ್ಲಿಗೆ ಗಾಳಿ ಹೊಡೆಸಿಟ್ಟುಕೊಂಡು, "ಇನುಸ್ಸಾ ಇನ್ನೂ ಹೇಳಿಲ್ವಲ್ಲ" ಎಂದು ಕಾಯುತ್ತ ಕೂತಿರುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಬಿಸ್ಸಾ ಭಾಷೆಯ ಪ್ರಕಟಣೆಗಳು. ಮೊದಲು ಹುಟ್ಟಿದ ಮಕ್ಕಳ ನಾಮಕರಣ, ಆಮೇಲೆ ತಪ್ಪಿಸಿಕೊಂಡ ದನಗಳು, ಕೊನೆಗೆ ತೀರಿಕೊಂಡವರು. ಕಳೆದುಹೋದ ಹೋರಿಯ ಕೊಂಬಿನ ವರ್ಣನೆಯನ್ನೂ ಅವನು ಎಷ್ಟು ಮನಸ್ಸಿಟ್ಟು ಓದುತ್ತಿದ್ದನೆಂದರೆ, ಹೋರಿಯ ಮಾಲೀಕನೇ ತನಗೆ ಅಷ್ಟು ದುಃಖವಾಗಿಲ್ಲವಲ್ಲ ಎಂದು ನಾಚಿಕೊಳ್ಳುತ್ತಿದ್ದ.

ಆ ಕೆಲಸಕ್ಕೆ ಅವನು ಸೇರಿದ್ದಕ್ಕೆ ಒಂದು ಕಾರಣವಿತ್ತು. ಅವನ ತಾಯಿ ಹೋದಾಗ ಓದಿದವರು ಯಾರೋ ಅವಳ ಹೆಸರನ್ನು ತಪ್ಪಾಗಿ ಓದಿದರು. ಮೂರು ದಿನ ಆ ಸೀಮೆಯಲ್ಲಿ ಬೇರೆ ಯಾವಳೋ ಹೆಂಗಸು ಸತ್ತಳು, ಇವನ ತಾಯಿ ಸಾಯಲೇ ಇಲ್ಲ. ಅಂದಿನಿಂದ ಇನುಸ್ಸಾ ಪ್ರತಿ ಹೆಸರನ್ನೂ ತಂದವರ ಬಾಯಿಂದ ಮೂರು ಸಲ ಹೇಳಿಸಿ, ತಾನು ಮೂರು ಸಲ ಹೇಳಿ, ಆಮೇಲೆ ಮೈಕಿನ ಮುಂದೆ ಕೂರುತ್ತಿದ್ದ. ಹೊಟ್ಟೆಪಾಡಿಗೆ ಹೊಲವಿತ್ತು. ಆದರೆ ಆ ಕುರ್ಚಿ ಹೋದರೆ ತಾನೂ ಹೋದಂತೆ ಎಂದು ಅವನು ತಿಳಿದಿದ್ದ.

ಆ ಕುರ್ಚಿಗೆ ಕುತ್ತು ತಂದದ್ದು ಅವನದೇ ದವಡೆ.

ಹೆಸರು ಓದುವಾಗ ನಡುವೆ 'ಟಕ್' ಎನ್ನುತ್ತಿತ್ತು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಸಾಲಿಗೊಮ್ಮೆ. ಅಲ್ಲಿನ ಮೈಕು ಹಳೆಯದಾದರೂ ಚುರುಕು. ಹೊರಗೆ ಕುರಿ ಕೆಮ್ಮಿದರೂ ಮೂವತ್ತು ಹಳ್ಳಿಗೆ ಕೇಳುತ್ತಿತ್ತು. ಕೇಳುಗರು ತೀರ್ಮಾನಕ್ಕೆ ಬರಲು ತಡಮಾಡಲಿಲ್ಲ. ಬಿಸ್ಸಾ ಜನವೆಂದರೆ ಕಡಲೆಕಾಯಿ; ಅದರಲ್ಲೂ ಇನುಸ್ಸಾನ ದೊಗಳೆ ಬೂಬೂ ಅಂಗಿಯ ಎಡ ಜೇಬಿನಲ್ಲಿ ಕಾಯಿ, ಬಲ ಜೇಬಿನಲ್ಲಿ ಸಿಪ್ಪೆ ಇರುವುದನ್ನು ಸಂತೆಯಲ್ಲಿ ನೋಡದವರಿಲ್ಲ. "ನಮ್ಮ ಚಿಕ್ಕಪ್ಪನ ಸಾವನ್ನು ಓದುವಾಗ ನಿಮ್ಮವರು ಏಳು ಕಾಯಿ ಒಡೆದರು, ಎಣಿಸಿದ್ದೇವೆ" ಎಂದು ಒಂದು ಕಾಗದ ಬಂತು. ಹಿಂದೆಯೇ ಇನ್ನೂ ಹನ್ನೆರಡು ಬಂದವು.

ರೇಡಿಯೊ ನಡೆಸುತ್ತಿದ್ದವಳು ಪೆಲಾಜಿ ಇಲ್ಬುಡೊ ಎಂಬ ಮೊಸ್ಸಿ ಕುಲದ ಹೆಂಗಸು. ಕಾಗದಗಳನ್ನು ಮೇಜಿನ ಮೇಲೆ ಹರಡಿ ಅವನನ್ನು ಕರೆಸಿದಳು.

"ಇನುಸ್ಸಾ ಅಣ್ಣ, ಮೈಕ್ ಮುಂದೆ ತಿನ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?"

"ದೇವರಾಣೆ ತಿಂದಿಲ್ಲ ಕಣಮ್ಮ. ಅದು ನನ್ನ ದವಡೆ."

"ದವಡೆ ಕಡಲೆಕಾಯಿ ಒಡೆದಂಗೆ ಸದ್ದು ಮಾಡುತ್ತಾ?"

"ಬಿಸ್ಸಾ ದವಡೆ ಅಲ್ವಾ. ಅಭ್ಯಾಸ ಆಗಿರುತ್ತೆ."

ಪೆಲಾಜಿ ನಗಲಿಲ್ಲ. "ನೋಡಿ, ಇನ್ನು ಇಪ್ಪತ್ತೆರಡು ದಿನಕ್ಕೆ ಉಪವಾಸದ ತಿಂಗಳು. ಆಗ ಮಟಮಟ ಮಧ್ಯಾಹ್ನ ನೀವು ಟಕ್ ಅನ್ಸಿದ್ರೆ, ರೇಡಿಯೊದೋನು ರಂಜಾನಲ್ಲೂ ತಿಂತಾನೆ ಅಂತ ಇಡೀ ಸೀಮೆ ಮಾತಾಡುತ್ತೆ. ಇಮಾಮ್ರು ನನ್ನ ಬಾಗಿಲಿಗೆ ಬರ್ತಾರೆ. ಅಷ್ಟರೊಳಗೆ ನಿಲ್ಲಿಸಿ. ಇಲ್ಲಾಂದ್ರೆ ಲೆಂಗಾನೆ ಮೇಷ್ಟ್ರು ಓದ್ಲಿ."

ನಿವೃತ್ತ ಲೆಂಗಾನೆ ಮೇಷ್ಟ್ರು ಎರಡು ಸಲ ಇನುಸ್ಸಾನ ಬದಲಿಗೆ ಓದಿದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಹಾಜರಿ ಕರೆದ ಬಾಯಿ ಅದು. ಸತ್ತವರ ಮನೆತನದ ಹೆಸರನ್ನು ಮೊದಲು ಕೂಗಿ, ಆಮೇಲೆ ಅವರ ಹೆಸರು ಹೇಳಿ, ಉತ್ತರಕ್ಕೆ ಕಾಯುವವರಂತೆ ಒಂದು ಗಳಿಗೆ ನಿಲ್ಲುತ್ತಿದ್ದರು.

ಹೀಗಾಗಿ ಇನುಸ್ಸಾ ಹಲ್ಲಿನ ದವಾಖಾನೆಗೆ ಬಂದ. ಅಲ್ಲಿದ್ದವನು ಎವರಿಸ್ತ್ ಬಾಟಿಯೊನೊ. ಸೀಮೆಗೆಲ್ಲ ಹಲ್ಲು ನೋಡುವವನು ಅವನೊಬ್ಬನೇ. ರೆಯೊ ಎಂಬ ಊರಿನ ಕಡೆಯ ಗುರುನ್ಸಿ ಕುಲದವನು, ಬಂದು ಹತ್ತು ತಿಂಗಳಾಗಿತ್ತು. ಬಿಸ್ಸಾ ಮತ್ತು ಗುರುನ್ಸಿಗಳ ನಡುವೆ ತಾತಂದಿರ ಕಾಲದಿಂದ ಗೇಲಿಯ ನಂಟು. ಎದುರಾದರೆ ಮೊದಲು ಬೈಯಬೇಕು, ಆಮೇಲೆ ಕ್ಷೇಮ ವಿಚಾರಿಸಬೇಕು. ಬೈಸಿಕೊಂಡವನು ಕೋಪ ಮಾಡಿಕೊಳ್ಳುವಂತಿಲ್ಲ. ಬೈಯದೆ ಹೋದರೆ ಮಾತ್ರ ಮನೆಯವರೆಲ್ಲ ಕೂತು, ಏನಾಗಿದೆ ಇವನಿಗೆ ಎಂದು ಯೋಚಿಸುತ್ತಾರೆ.

ಇನುಸ್ಸಾ ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡ. "ಅಯ್ಯೋ, ಗುರುನ್ಸಿ! ಇವನ ಕೈಗೆ ನನ್ನ ಬಾಯಿ ಕೊಡೋದಾ? ಬೆಳಿಗ್ಗೆ ಆ ಕೈ ಸಾರಿಗೆ ಅಂತ ಯಾರ ಮನೆ ನಾಯಿ ಹಿಡಿದಿತ್ತೋ!"

"ಬಾರೋ ಕಡಲೆಕಾಯಿ ಮೂಟೆ," ಎಂದ ಬಾಟಿಯೊನೊ, ಕೈ ತೊಳೆಯುತ್ತ. "ನಿಮ್ಮ ತಾತ ನಮ್ಮ ತಾತನ ಹತ್ರ ಆಳಾಗಿದ್ದ. ಆಳಿನ ಹಲ್ಲು ನೋಡೋದು ಧಣಿಗೇನು ಹೊಸದಲ್ಲ. ಕೂತ್ಕೊ."

"ನಿಮ್ಮ ತಾತ ನಮ್ಮ ಹೊಲದಲ್ಲಿ ಬೆದರುಬೊಂಬೆ ಆಗಿದ್ನಂತೆ. ಕಾಗೆಗಳು ಹೆದರಲಿಲ್ಲ, ನಾಯಿಗಳು ಊರು ಬಿಟ್ವು."

ಇಷ್ಟು ಮುಗಿದ ಮೇಲೆ ಪರೀಕ್ಷೆ. ಬಾಟಿಯೊನೊ ಎರಡು ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆಗೆಸಿದ, ಮುಚ್ಚಿಸಿದ. ಬೆರಳಿನ ಕೆಳಗೆ ಎಡಗಡೆಯ ಕೀಲು ತುಕ್ಕುಹಿಡಿದ ಬಾಗಿಲಿನ ಹಾಗೆ ಜಾರಿ, ಟಕ್ಕೆಂದು ಕೂತಿತು. ಬಾಯಿ ನೇರವಾಗಿ ತೆರೆಯದೆ ಎಡಕ್ಕೆ ವಾಲುತ್ತಿತ್ತು. ಕೆನ್ನೆಯ ಸ್ನಾಯು ಹಸಿ ಮರದ ಗಂಟಿನಂತೆ ಗಟ್ಟಿ. ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿತ್ತು.

"ಕಿವಿನೋವು ಅಂತ ಎಷ್ಟು ವರ್ಷದಿಂದ ಎಣ್ಣೆ ಬಿಟ್ಕೋತಿದ್ದೀಯ?"

"ನಾಲ್ಕು. ನಿಂಗೆ ಹೆಂಗೆ ಗೊತ್ತು?"

"ನೋವಿರೋದು ಕಿವೀಲಲ್ಲ, ಕೀಲಲ್ಲಿ. ನಿದ್ದೇಲಿ ಹಲ್ಲು ಕಡೀತೀಯ. ಹಗಲೆಲ್ಲ ಕಡಲೆಕಾಯಿ ಅಗಿಯೋದು, ಮಲಗಿದ ಮೇಲೆ ಬರಿ ಹಲ್ಲು ಅಗಿಯೋದು. ಆ ಕೀಲಿಗೆ ರಜಾನೇ ಇಲ್ಲ."

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಇನುಸ್ಸಾನಿಗೆ ದೇವರು ಎರಡನ್ನೂ ಧಾರಾಳವಾಗಿ ಕೊಟ್ಟು, ಎರಡನ್ನೂ ಕೂಡಿಸುವ ಕೀಲಿನಲ್ಲಿ ಕೈಬಿಟ್ಟಿದ್ದ.

ಬಾಟಿಯೊನೊ ಕುರ್ಚಿ ಎಳೆದುಕೊಂಡು ಎದುರು ಕೂತ. "ಮೊದಲ್ನೇದು, ಕಡಲೆಕಾಯಿ ಬಿಡಬೇಕು."

ಇನುಸ್ಸಾ ಒಂದು ಕ್ಷಣ ಅವನನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದ. ನಕ್ಕ ರಭಸಕ್ಕೆ ದವಡೆ ಎರಡು ಸಲ ಟಕ್ಕೆಂದಿತು.

"ನಾನು ತಮಾಷೆ ಮಾಡ್ತಿಲ್ಲ ಮಾರಾಯ."

"ಇದೇ, ಇದೇ!" ಇನುಸ್ಸಾ ತೊಡೆ ತಟ್ಟಿಕೊಂಡ. "ಮುಖ ನೋಡು, ಒಂದು ಗೆರೆ ಅಲ್ಲಾಡಿಲ್ಲ! ಐವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವ ಗುರುನ್ಸೀನೂ ನನ್ನ ಬೈದಿರ್ಲಿಲ್ಲ. ಬೇಯ್ಸಿದ್ದು ತಿನ್ಬೋದಾ?"

"ಬೇಡ. ಮೆತ್ತಗಿರೋದು ತಿನ್ನು. ಗಂಜಿ, ತೋ ಮುದ್ದೆ, ಸೊಪ್ಪಿನ ಸಾರು."

"ಅಮ್ಮಾ! ಇನ್ನೂ ಹೇಳು."

ಬಾಟಿಯೊನೊ ಹೇಳಿದ. ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಇಡಬೇಕು. ಆಕಳಿಸುವಾಗ ಗದ್ದಕ್ಕೆ ಕೈ ಆನಿಸಬೇಕು. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಟ್ಟುಕೊಂಡೇ ಬಾಯನ್ನು ನಿಧಾನವಾಗಿ ತೆರೆದು ಮುಚ್ಚುವ ಅಭ್ಯಾಸ ಮಾಡಬೇಕು. ಹಗಲು ನೆನಪಾದಾಗಲೆಲ್ಲ ಒಂದು ಮಾತು ಹೇಳಿಕೊಳ್ಳಬೇಕು: ತುಟಿ ಕೂಡಿರಲಿ, ಹಲ್ಲು ಬಿಡಿಯಿರಲಿ. ಮಲಗುವಾಗ ಮೇಲಿನ ಹಲ್ಲುಗಳಿಗೆ ತೊಡಿಸಲು ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಸಬೇಕು. ಒಂದೊಂದು ಮಾತಿಗೂ ಇನುಸ್ಸಾ ಕಣ್ಣೊರೆಸಿಕೊಂಡು ನಕ್ಕ. ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ಮೆತ್ತನೆಯ ಹಿಟ್ಟು ತುಂಬಿದಾಗ, ಗೇಲಿಗೋಸ್ಕರ ಇಷ್ಟು ಖರ್ಚು ಮಾಡುವ ಗುರುನ್ಸಿಯ ಮೇಲೆ ಅವನಿಗೆ ಗೌರವವೇ ಹುಟ್ಟಿತು.

ಅದೇ ವಾರ ಅವನ ಹೆಂಡತಿ ಅಸೆತಾ ತನ್ನ ಹಲ್ಲುನೋವಿಗೆ ಬಂದಳು. ಬಾಟಿಯೊನೊ ಅವಳ ಹತ್ತಿರ ವಿಚಾರಿಸಿದ.

"ಅತ್ತಿಗೆ, ಅವನು ನಿದ್ದೇಲಿ ಹಲ್ಲು ಕಡೀತಾನಾ?"

"ಕಡಿಯೋದಾ? ಗೋಡೆ ಆಚೆ ಇರೋ ಅಜ್ಜಿ ಊರಿಗೆಲ್ಲ ನನ್ನ ಹೊಗಳ್ಕೊಂಡು ಬರ್ತಾಳೆ. 'ಅಸೆತಾನ ನೋಡಿ ಕಲೀರೇ, ಕೋಳಿ ಕೂಗೋಕೆ ಮುಂಚೆ ಎದ್ದು ಸಜ್ಜೆ ಬೀಸ್ತಾಳೆ' ಅಂತ. ಮೂರು ವರ್ಷದಿಂದ ನಾನು ಬೀಸೋ ಕಲ್ಲು ಮುಟ್ಟಿಲ್ಲ. ಗಿರಣಿಗೇ ಕಳಿಸ್ತೀನಿ."

"ಅಜ್ಜಿಗೆ ಹೇಳ್ಲಿಲ್ವಾ?"

"ಯಾಕೆ ಹೇಳ್ಲಿ? ಈ ಊರಲ್ಲಿ ಸೊಸೇರಿಗೆ ಹೊಗಳಿಕೆ ಸುಮ್ನೆ ಸಿಗುತ್ತಾ?"

"ಅವನಿಗೆ ಕಡಲೆಕಾಯಿ ಬಿಡೋಕೆ ನೀವಾದ್ರೂ ಹೇಳಿ."

ಅಸೆತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳೂ ಬಿಸ್ಸಾ.

ರಾಜಧಾನಿಯಿಂದ ಕವಚ ತಯಾರಾಗಿ ಬಂತು. ಇನುಸ್ಸಾ ಅದನ್ನು ಹಲ್ಲಿಗೆ ತೊಡಲಿಲ್ಲ, ಸಂತೆಗೆ ಒಯ್ದ. ಮಾವಿನ ಮರದ ಕೆಳಗೆ ಕೂತವರಿಗೆಲ್ಲ ತೋರಿಸಿದ. "ನೋಡ್ರೋ, ಗುರುನ್ಸಿ ನಂಗೆ ಕಡಿವಾಣ ಮಾಡಿಸಿದ್ದಾನೆ. ಧಣಿ ಕೊಟ್ಟ ಬಹುಮಾನ!" ಅವರೂ ಕೈಯಿಂದ ಕೈಗೆ ದಾಟಿಸಿ ನೋಡಿ, ಕಡಲೆಕಾಯಿ ತಿನ್ನುತ್ತ ನಕ್ಕರು. ಬಾಟಿಯೊನೊ ಮೂರು ಸಲ ಎದುರು ಸಿಕ್ಕಾಗಲೂ ಗಂಭೀರವಾಗಿ ಎಚ್ಚರಿಸಿದ. ಗಂಭೀರವಾದಷ್ಟೂ ಅವನ ಹೆಸರು ಬೆಳೆಯಿತು. ಇಂಥ ಮಾತುಗಾರ ಗುರುನ್ಸಿ ಈ ಊರಿಗೆ ಬಂದೇ ಇರಲಿಲ್ಲವೆಂದು ಜನ ಮಾತಾಡಿಕೊಂಡರು. ಬಾಟಿಯೊನೊ ಮನೆಗೆ ಹೋಗಿ ತಲೆ ಹಿಡಿದುಕೊಂಡು ಕೂತ.

ಉಪವಾಸದ ತಿಂಗಳಿಗೆ ಮೂರೇ ದಿನ ಉಳಿದಿತ್ತು. ಅಂದು ತೀರಿಕೊಂಡವರಲ್ಲಿ ಒಬ್ಬ ಮುದುಕಿ, ಬಹು ದೊಡ್ಡ ಮನೆತನದವಳು. ಇನುಸ್ಸಾ ಅವಳ ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ಅಗಲಿಸಿದ. ಟಕ್ ಎನ್ನಬೇಕಾದ ಕೀಲು ಟಕ್ ಎನ್ನಲಿಲ್ಲ. ತನ್ನ ಗುಳಿ ಬಿಟ್ಟು ಮುಂದೆ ಹೋಗಿ ಅಲ್ಲೇ ಕೂತುಬಿಟ್ಟಿತು. ತೆರೆದ ಬಾಯಿ ಮುಚ್ಚಲೊಲ್ಲದು.

ಮೂವತ್ತು ಹಳ್ಳಿಗಳಿಗೆ ಕೇಳಿಸಿದ್ದು ಇಷ್ಟೇ: "ಆ... ಆ... ಆ..."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇನುಸ್ಸಾ ರೇಡಿಯೊದಲ್ಲಿ ಅಳುತ್ತಿದ್ದಾನೆಂದು ಜನ ತಿಳಿದರು. ಮುದುಕಿಯ ಮನೆಯಲ್ಲಂತೂ ನಿಂತಿದ್ದ ಅಳು ಮತ್ತೆ ಹೊಸದಾಗಿ ಶುರುವಾಯಿತು. ಪೆಲಾಜಿ ಓಡಿಬಂದು ಹಾಡು ಹಾಕಿ, ಅವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟಳು. ಅವನು ಬಾಯಿಗೆ ತಲೆಯ ಬಟ್ಟೆ ಅಡ್ಡ ಹಿಡಿದಿದ್ದ. ದಾರಿಯುದ್ದಕ್ಕೂ ಜನ ತಡೆದು ಮನೆಯವರು ಹೇಗಿದ್ದಾರೆ, ಹೊಲ ಹೇಗಿದೆ, ಬಿಸಿಲು ಹೇಗಿದೆ ಎಂದು ವಿಚಾರಿಸಿದರು. ಒಂದಕ್ಕೂ ಅವನಿಂದ ಉತ್ತರವಿಲ್ಲ. ಮುದುಕಿಯ ಸಾವು ಅವನನ್ನು ಎಷ್ಟು ಹಣ್ಣು ಮಾಡಿದೆ ಎಂದು ಎಲ್ಲರೂ ಮರುಗಿದರು.

ದವಾಖಾನೆಯಲ್ಲಿ ಬಾಟಿಯೊನೊ ಅವನನ್ನು ನೋಡಿದ. ಎದುರಿಗೆ ಒಬ್ಬ ಬಿಸ್ಸಾ. ಬಾಯಿ ಪೂರ್ತಿ ತೆರೆದಿದೆ, ಒಂದು ಮಾತೂ ಹೊರಡದು. ಯಾವ ಗುರುನ್ಸಿಗೂ ಇಂಥ ಅವಕಾಶ ಹುಟ್ಟಿದಂದಿನಿಂದ ಸಿಕ್ಕಿರಲಾರದು. ಬಾಗಿಲಲ್ಲಿ ಸೇರಿದ ರೋಗಿಗಳು, ಇವನು ಏನು ಬೈಯುತ್ತಾನೋ ಎಂದು ಕಿವಿ ನಿಮಿರಿಸಿ ನಿಂತರು.

ಬಾಟಿಯೊನೊ ಬೈಯಲಿಲ್ಲ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡ. ಇನುಸ್ಸಾನನ್ನು ಗೋಡೆಗೆ ತಲೆಯಾನಿಸಿ ಕೂರಿಸಿ, ಹೆಬ್ಬೆರಳುಗಳನ್ನು ಹಿಂದಿನ ಕೆಳಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಕೀಲು ಗುಳಿಗೆ ಇಳಿಯಿತು. ಆಗಲೂ ಅವನು ಒಂದು ಮಾತೂ ಆಡಲಿಲ್ಲ. ಬಿಸಿ ಬಟ್ಟೆ ಇಟ್ಟ, ಗದ್ದಕ್ಕೆ ಪಟ್ಟಿ ಕಟ್ಟಿದ, ಕೈ ತೊಳೆದ.

ಇನುಸ್ಸಾನ ಕಣ್ಣಲ್ಲಿ ಭಯ ತುಂಬಿಕೊಂಡಿತು. ಪಟ್ಟಿಯೊಳಗಿಂದಲೇ, ಹಲ್ಲಿನ ಸಂದಿಯಲ್ಲಿ ಕೇಳಿದ: "ಬಯ್ಯಲ್ವಾ?"

"ಇಲ್ಲ."

"ಒಂದು... ಸಣ್ಣದು?"

"ಇಲ್ಲ ಇನುಸ್ಸಾ."

ಹೆಸರು ಹಿಡಿದು ಕರೆದುಬಿಟ್ಟಿದ್ದ. ಇನುಸ್ಸಾ ಗೋಡೆ ಬಿಟ್ಟು ನೆಟ್ಟಗೆ ಕೂತ. ಆಮೇಲೆ ಎಡ ಜೇಬಿಗೆ ಕೈಹಾಕಿ ಕಡಲೆಕಾಯಿಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟ. ಕಾಯಿಲೆ ನಿಜವೆಂದು ಅವನಿಗೆ ಮನವರಿಕೆಯಾದದ್ದು ನೋವಿನಿಂದಲ್ಲ, ಆ ಮೌನದಿಂದ. ಗುರುನ್ಸಿಯೊಬ್ಬನಿಗೆ ಬೈಯಲೂ ಮನಸ್ಸು ಬಾರದ ಕಾಯಿಲೆ ಎಂದರೆ ಸಾಮಾನ್ಯವೇ?

ಆ ಸಂಜೆಯೇ ಕವಚ ಬಾಯಿಗೇರಿತು. ಮರುದಿನ ಗೋಡೆಯಾಚೆಯ ಅಜ್ಜಿ ಬಂದು ಅಸೆತಾಳ ಹಣೆ ಮುಟ್ಟಿ ನೋಡಿದಳು: "ಯಾಕೆ ತಾಯಿ, ಇವತ್ತು ಬೀಸ್ಲಿಲ್ಲ? ಮೈಗೆ ಹುಷಾರಿಲ್ವಾ?" ಮುದುಕಿಯ ಮನೆಯವರು, ತಮ್ಮ ಹಿರಿಯಳಿಗಾಗಿ ಅಷ್ಟು ಅತ್ತವನಿಗೆಂದು ಕೋಳಿಯೊಂದನ್ನು ತಂದುಕೊಟ್ಟರು. ಅಗಿಯುವಂತಿರಲಿಲ್ಲ. ಇನುಸ್ಸಾ ಸಾರು ಕುಡಿದ. ಮಾಂಸವನ್ನು ಬಾಟಿಯೊನೊ ತಿಂದ.

ಮೂರು ದಿನವೂ ಬಾಟಿಯೊನೊ ಅವನಿಗೆ ಓದಿಸಿ ಅಭ್ಯಾಸ ಮಾಡಿಸಿದ. "ಒಂದು ಬೆರಳು ಹಿಡಿಸೋವಷ್ಟೇ ಬಾಯಿ ತೆಗಿ. ಅದಕ್ಕಿಂತ ದೊಡ್ಡ ಹೆಸರು ಯಾರಿಗೂ ಇಲ್ಲ." ಉಪವಾಸದ ಮೊದಲ ದಿನ ಹನ್ನೆರಡಕ್ಕೆ ಇಡೀ ಗಾರಂಗೊ ಕಿವಿಯಾಗಿ ಕೂತಿತ್ತು. ಪೆಲಾಜಿ ಲೆಂಗಾನೆ ಮೇಷ್ಟ್ರನ್ನು ಪಕ್ಕದ ಕೋಣೆಯಲ್ಲಿ ಸಿದ್ಧವಾಗಿ ಕೂರಿಸಿದ್ದಳು. ದವಾಖಾನೆಯಲ್ಲಿ ಬಾಟಿಯೊನೊ ಯಾರದೋ ಬಾಯಿ ತೆರೆಸಿ, ಅದರೊಳಗೆ ಕನ್ನಡಿಯಿಟ್ಟುಕೊಂಡೇ ರೇಡಿಯೊದ ಕಡೆ ತಿರುಗಿ ನಿಂತಿದ್ದ.

ಎರಡು ನಾಮಕರಣ. ಒಂದು ಹೋರಿ, ಒಂದು ಕತ್ತೆ. ನಾಲ್ಕು ಸಾವು. ಟಕ್ ಎಂಬುದು ಒಂದೂ ಇಲ್ಲ. ಸಣ್ಣಗೆ ಬಾಯಿ ತೆರೆದು ಓದಿದ್ದರಿಂದ ದನಿ ಹಿಂದಿಗಿಂತ ಮೆದುವಾಗಿತ್ತು. ಉಪವಾಸದ ಪುಣ್ಯ ಎಂದರು ಜನ. ಓದು ಮುಗಿದ ಮೇಲೆ ಮೈಕು ಇನ್ನೂ ಆರದಿರುವುದನ್ನು ಮರೆತು ಇನುಸ್ಸಾ ತನ್ನಷ್ಟಕ್ಕೆ ಹೇಳಿಕೊಂಡ: "ತುಟಿ ಕೂಡಿರಲಿ, ಹಲ್ಲು ಬಿಡಿಯಿರಲಿ."

ಕೇಳಿದವರು ಅದನ್ನು ಹಿರಿಯರ ಗಾದೆ ಎಂದುಕೊಂಡರು. ಮರುದಿನವೂ ಹೇಳಲೇಬೇಕಾಯಿತು. ಹನ್ನೊಂದು ವರ್ಷ ಪ್ರಕಟಣೆಗಳು ಆ ಮಾತಿನಿಂದಲೇ ಮುಗಿದವು. ಈಗ ಮದುವೆಗಳಲ್ಲಿ ಹೊಸ ಗಂಡಹೆಂಡಿರಿಗೆ ಮುದುಕರು ಅದನ್ನು ಹೇಳಿ ಹರಸುತ್ತಾರೆ. ಒಬ್ಬೊಬ್ಬರು ಒಂದೊಂದು ಅರ್ಥ ಬಿಡಿಸುತ್ತಾರೆ. ಬಾಟಿಯೊನೊ ಅಂಥ ಮದುವೆಗಳಲ್ಲಿ ತಲೆತಗ್ಗಿಸಿ ಊಟ ಮಾಡಿ ಬರುತ್ತಾನೆ.

ಆ ಹನ್ನೊಂದು ವರ್ಷದಲ್ಲಿ ಅವರಿಬ್ಬರು ಬೈದಾಡಿಕೊಳ್ಳದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಇನುಸ್ಸಾ ಕಡಲೆಕಾಯಿಯನ್ನು ಪೂರ್ತಿ ಬಿಟ್ಟನೆಂದು ಹೇಳಿದರೆ ಸುಳ್ಳಾದೀತು. ನುಣ್ಣಗೆ ಅರೆಸಿ ಸಾರಿಗೆ ಹಾಕಿಸಿಕೊಳ್ಳುತ್ತಿದ್ದ. "ಅಗಿಬೇಡ ಅಂದೆ, ಕುಡೀಬೇಡ ಅನ್ನಲಿಲ್ಲ" ಎಂದು ವಾದಿಸುತ್ತಿದ್ದ. ಎಡ ಜೇಬಿನಲ್ಲಿ ಈಗ ಕವಚದ ಡಬ್ಬಿ ಇರುತ್ತಿತ್ತು. ಬಲ ಜೇಬು ಖಾಲಿ.

ಕಳೆದ ಸುಗ್ಗಿಯಲ್ಲಿ, ಒಂದು ಬುಧವಾರ ಬೆಳಿಗ್ಗೆ, ನಮಾಜಿಗೆಂದು ಕೈಕಾಲು ತೊಳೆಯಲು ಕೂತವನು ಏಳಲಿಲ್ಲ. ರಕ್ತದೊತ್ತಡವಂತೆ. ದವಡೆಯನ್ನು ಅಷ್ಟು ಸಲ ಮುಟ್ಟಿ ನೋಡಿದ ಬಾಟಿಯೊನೊ ಒಂದು ದಿನವಾದರೂ ಅವನ ತೋಳಿಗೆ ಪಟ್ಟಿ ಸುತ್ತಿ ನೋಡಿರಲಿಲ್ಲ.

ಸುದ್ದಿ ಬೆಳಿಗ್ಗೆಯೇ ತಲುಪಿತ್ತು. ಆದರೂ ಅವನು ಎಂದಿನಂತೆ ಹಲ್ಲು ನೋಡುತ್ತ ಇದ್ದ. ಹನ್ನೆರಡಕ್ಕೆ ಲೆಂಗಾನೆ ಮೇಷ್ಟ್ರ ದನಿ ಬಂತು. "ದಾರ್ಗಾ. ಇನುಸ್ಸಾ." ಹೆಸರು ಸರಿಯಾಗಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಆಮೇಲೆ ಮೇಷ್ಟ್ರು ವಾಡಿಕೆಯಂತೆ ಒಂದು ಗಳಿಗೆ ನಿಂತರು. ಬಾಟಿಯೊನೊ ಕೈಯಲ್ಲಿ ಇಕ್ಕಳ ಹಿಡಿದು ತಾನೂ ಕಾದ. ಉತ್ತರ ಬರಲಿಲ್ಲ.

ಇನುಸ್ಸಾನ ಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಅವನನ್ನು ಬಿಳಿ ಬಟ್ಟೆ ಸುತ್ತಿ ಚಾಪೆಯ ಮೇಲೆ ಮಲಗಿಸಿದ್ದರು. ಸಾವಿನ ಮನೆಯಲ್ಲಿ ಗೇಲಿಯ ನಂಟನಿಗೆ ಕೆಲಸವಿದೆ: ಹೆಣವನ್ನು ಹೊರಡಗೊಡದೆ ಅಡ್ಡ ನಿಲ್ಲಬೇಕು, ಸತ್ತವನನ್ನು ಬೈಯಬೇಕು, ತನ್ನ ಪಾಲು ಕೇಳಬೇಕು, ಅಳುವವರನ್ನು ನಗಿಸಬೇಕು. ಎಲ್ಲರೂ ಬಾಟಿಯೊನೊಗೆ ದಾರಿ ಬಿಟ್ಟರು. ಅವನು ಹೋಗಿ ಚಾಪೆಯ ಪಕ್ಕ ನಿಂತ. ಬಾಯಿ ತೆರೆಯಲು ನೋಡಿದ. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಕೂತಿತ್ತು; ಕಿವಿಯ ಮುಂದೆ ನೋಯುತ್ತಿತ್ತು. ಜನ ಕಾದರು.

ಅಸೆತಾ ಎದ್ದು ಬಂದಳು. ಅಳುವಿನಲ್ಲಿ ದನಿ ಕೂತಿತ್ತು.

"ಅಣ್ಣ, ಬಯ್ಯಿರಿ."

ಅವನು ಆಗದೆಂದು ತಲೆಯಾಡಿಸಿದ.

"ನೀವು ಸುಮ್ನಿದ್ರೆ ಮಲಗಿರೋ ಇವರಿಗೆ ಹೆದರಿಕೆ ಆಗುತ್ತೆ. ಅವತ್ತೂ ಹಂಗೇ ಆಗಿತ್ತಲ್ಲ. ಬಯ್ಯಿರಿ."

ಬಾಟಿಯೊನೊ ಕಣ್ಣು ಮುಚ್ಚಿದ. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿದ. ಸಾವಿರ ಸಲ ಬೇರೆಯವರಿಗೆ ಹೇಳಿಕೊಟ್ಟ ಹಾಗೆ, ನಿಧಾನವಾಗಿ, ಒಂದು ಬೆರಳಿನಷ್ಟು ದವಡೆ ಬಿಟ್ಟ. ಆಮೇಲೆ ಬಂದವರಿಗೆ ಹಂಚಲು ಪಕ್ಕದವನು ಹಿಡಿದಿದ್ದ ಬುಟ್ಟಿಯಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಚಾಪೆಯ ತಲೆದೆಸೆಯಲ್ಲಿ ಸುರಿದ.

"ಏಳೋ, ಕಡಲೆಕಾಯಿ ಮೂಟೆ!" ಎಂದ. ದನಿ ಮೊದಲು ಒಡೆಯಿತು, ಆಮೇಲೆ ಅಂಗಳದ ಕೊನೆಗೂ ಕೇಳಿಸಿತು. "ಧಣಿ ಬಂದು ನಿಂತಿದ್ದಾನೆ, ಆಳು ಮಲಗಿದ್ದೀಯ! ಪಥ್ಯ ಮುಗೀತು. ಇವತ್ತಿಂದ ಎಷ್ಟು ಬೇಕಾದ್ರೂ ಅಗಿ, ಕೇಳೋರಿಲ್ಲ. ಆ ಕವಚ ಮಾತ್ರ ಇಲ್ಲಿಡು, ಅದು ನಮ್ಮ ತಾತನ ಆಸ್ತಿ. ಕೊಡೋವರ್ಗೂ ಈ ಬಾಗಿಲು ದಾಟೋಕೆ ಬಿಡಲ್ಲ!" ಎನ್ನುತ್ತ ಅಂಗಳದ ಬಾಗಿಲಿಗೆ ಹೋಗಿ ಅಡ್ಡ ನಿಂತ.

ಮೊದಲು ನಕ್ಕವಳು ಗೋಡೆಯಾಚೆಯ ಅಜ್ಜಿ. ಆಮೇಲೆ ಅಂಗಳವೆಲ್ಲ ನಕ್ಕಿತು. ಅಸೆತಾ ಅಳುತ್ತಲೇ ನಕ್ಕು, ಒಳಗಿನಿಂದ ಆ ಡಬ್ಬಿಯನ್ನು ತಂದು ಅವನ ಕೈಗಿಟ್ಟಳು. ಬಾಟಿಯೊನೊ ಅದನ್ನು ಎಡ ಜೇಬಿಗೆ ಹಾಕಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ.